ಮೊದಲ ಸಲ, ಕೊನೆಯ ಸಲ: ಒಂದು ಪುಟದ ಡೈರಿ ಕಾಮಿಕ್ ಮಾಡುವ ಬಗೆ

ಡೈರಿ ಕಾಮಿಕ್‌ಗೆ, ಅಂದರೆ ತಮ್ಮದೇ ಬದುಕಿನ ಸಂಗತಿಗಳನ್ನು ಚಿತ್ರಕಥೆಯಾಗಿ ಬಿಡಿಸುವುದಕ್ಕೆ, ಕೈಹಾಕಿದವರು ಹೆಚ್ಚಾಗಿ ‘ಮೊದಲ ಸಲ’ಗಳಿಂದಲೇ ಶುರುಮಾಡುತ್ತಾರೆ: ಮೊದಲ ಸೈಕಲ್, ಮೊದಲ ಸಂಬಳ, ಮೊದಲ ವಿಮಾನ. ಇವು ಸುಲಭ. ಆಗುವಾಗಲೇ ಗೊತ್ತಿರುತ್ತದೆ, ಎಲ್ಲೋ ಒಂದು ಫೋಟೋನೂ ಸಿಗುತ್ತದೆ. ಕಷ್ಟ ಇರುವುದು ಕೊನೆಯದರಲ್ಲಿ. ಅಪ್ಪನ ಹೆಗಲೇರಿ ಕೊನೆಯ ಸಲ ಕೂತದ್ದು ಯಾವತ್ತು ಎಂದು ಯಾರೂ ಬರೆದಿಟ್ಟಿರುವುದಿಲ್ಲ. ಎರಡನ್ನೂ ಒಂದೇ ಎ4 ಹಾಳೆಯಲ್ಲಿ ಜೋಡಿಯಾಗಿ ಕೂರಿಸುವ ಕ್ರಮ ಇಲ್ಲಿದೆ.

ಮೊದಲು ವಿಷಯ. ಹಾಳೆಯ ನಡುವೆ ಗೀಟೆಳೆದು ಎಡಕ್ಕೆ ಮೊದಲುಗಳನ್ನು, ಬಲಕ್ಕೆ ಕೊನೆಗಳನ್ನು ಹತ್ತು ನಿಮಿಷ ಕೈ ನಿಲ್ಲಿಸದೆ ಬರೆಯಿರಿ. ಆಮೇಲೆ ಮದುವೆ, ಸಾವು, ಬೀಳ್ಕೊಡುಗೆಗಳನ್ನೆಲ್ಲ ಹೊಡೆದುಹಾಕಿ. ಅವುಗಳ ಚಿತ್ರ ಓದುಗರ ತಲೆಯಲ್ಲಿ ಆಗಲೇ ಇದೆ, ನಿಮ್ಮದು ಅದರ ನಕಲಾಗುತ್ತದೆ. ಕೈಗೆ ಕೆಲಸವಿರುವ ವಿಷಯ ಉಳಿಸಿಕೊಳ್ಳಿ: ಇನ್‌ಲ್ಯಾಂಡ್ ಲೆಟರ್ ಅಂಟಿಸುವುದು, ಎಸ್‌ಟಿಡಿ ಬೂತಿನಲ್ಲಿ ಮೀಟರ್ ನೋಡುತ್ತ ಮಾತಾಡುವುದು, ಕ್ಯಾಸೆಟ್‌ನ ಟೇಪನ್ನು ಪೆನ್ಸಿಲ್ಲಿನಿಂದ ಸುತ್ತುವುದು. ಅಮೆರಿಕದ ಜೇಮ್ಸ್ ಕೊಚಾಲ್ಕಾ 1998ರಿಂದ 2012ರವರೆಗೆ ದಿನಕ್ಕೊಂದರ ಲೆಕ್ಕದಲ್ಲಿ ಡೈರಿ ಕಾಮಿಕ್ ಬರೆದದ್ದು ಇಂಥ ಸಣ್ಣಪುಟ್ಟ ಸಂಗತಿಗಳನ್ನೇ ನಂಬಿ.

ಕೊನೆಯ ಸಲದ ಕಾಲ ನೆನಪಾಗದಿದ್ದರೆ ಊರಿಗೆಲ್ಲ ಗೊತ್ತಿರುವ ಗುರುತುಗಳನ್ನು ಹಿಡಿಯಿರಿ. ಟೆಲಿಗ್ರಾಂ ನಿಂತದ್ದು 2013ರ ಜುಲೈಯಲ್ಲಿ, ನಾಲ್ಕಾಣೆ ಚಲಾವಣೆ ಕಳೆದುಕೊಂಡದ್ದು 2011ರ ಜೂನ್ ಕೊನೆಗೆ, ಹಳೆಯ ಐನೂರು, ಸಾವಿರದ ನೋಟು ಹೋದದ್ದು 2016ರ ನವೆಂಬರ್ 8ರ ರಾತ್ರಿ. ಹಿನ್ನೆಲೆಗೂ ಇದೇ ಲೆಕ್ಕ. 2003ರ ಅಂಗಡಿಯ ಬೋರ್ಡಿನಲ್ಲಿ ₹ ಚಿಹ್ನೆ ಹಾಕಬೇಡಿ, ಅದು ಬಂದದ್ದು 2010ರಲ್ಲಿ; ‘ರೂ.’ ಎಂದೇ ಬರೆಯಿರಿ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಓಡಿದ್ದು 2011ರ ಅಕ್ಟೋಬರ್‌ನಿಂದ. ಇಂಥ ಒಂದು ತಪ್ಪು ಸಿಕ್ಕರೆ ಸಾಕು, ಓದುಗರು ಕಥೆ ಬಿಟ್ಟು ತಪ್ಪು ಹುಡುಕಲು ಕೂರುತ್ತಾರೆ.

ಇನ್ನು ಪುಟದ ಅಳತೆ. 210×297 ಮಿ.ಮೀ. ಹಾಳೆಯಲ್ಲಿ ಸುತ್ತ 15 ಮಿ.ಮೀ. ಬಿಟ್ಟರೆ 180×267 ಉಳಿಯುತ್ತದೆ. ಅದರಲ್ಲಿ ಮೂರು ಸಾಲು, ಸಾಲಿಗೆ ಎರಡು ಚೌಕ: ಎಡಕ್ಕೆ ಮೊದಲ ಸಲ, ಬಲಕ್ಕೆ ಕೊನೆಯ ಸಲ. ಎಡ–ಬಲ ಚೌಕಗಳ ನಡುವಿನ ಸಂದು 3 ಮಿ.ಮೀ., ಸಾಲುಗಳ ನಡುವಿನದು 8. ಆಗ ಒಂದೊಂದು ಚೌಕ ಸುಮಾರು 88 ಅಗಲ, 83 ಎತ್ತರ ಬರುತ್ತದೆ. ಸಂದುಗಳನ್ನು ಅದಲುಬದಲು ಮಾಡಿದರೆ ಕೆಟ್ಟಿತು. ಕಣ್ಣು ಹತ್ತಿರ ಇರುವ ಚೌಕಕ್ಕೇ ಹಾರುವುದರಿಂದ ಓದುಗರು ಎಡಗಡೆ ಮೂರನ್ನೂ ಮುಗಿಸಿ ಆಮೇಲೆ ಬಲಕ್ಕೆ ಬರುತ್ತಾರೆ, ಜೋಡಿ ಒಡೆದುಹೋಗುತ್ತದೆ.

ಈಗ ಪುಟ ಗೆಲ್ಲುವ ಅಥವಾ ಸೋಲುವ ಜಾಗ. ಕೊನೆಯ ಸಲದ ಚಿತ್ರಕ್ಕೆ ಅದು ಕೊನೆಯದು ಎಂದು ಗೊತ್ತಿರಬಾರದು. ಬಗ್ಗಿದ ಬೆನ್ನು, ಕಿಟಕಿಯಾಚೆ ನೋಟ, ಸಂಜೆಯ ನೆರಳು ಬಂದ ಕೂಡಲೇ ಪುಟ ಅಳುಮುಂಜಿಯಾಗುತ್ತದೆ. ಎರಡೂ ಚೌಕಗಳಿಗೆ ಒಂದೇ ಕೋನ, ಒಂದೇ ದೂರ, ಒಂದೇ ಕೆಲಸ ಇಡಿ. ಇನ್‌ಲ್ಯಾಂಡ್ ಲೆಟರನ್ನೇ ತೆಗೆದುಕೊಳ್ಳಿ. ಎಡ ಚೌಕದಲ್ಲಿ ಬೆರಳ ತುದಿಯಲ್ಲೊಂದು ಅನ್ನದ ಅಗುಳು, ಅದನ್ನು ಕಾಗದದ ಅಂಚಿಗೆ ಅರೆದು ಅಂಟಿಸುತ್ತಿರುವ ಕೈ; ಮಡಿಕೆಯ ಮೇಲೂ ಜಾಗ ಬಿಡದೆ ಬರೆದ ಅಕ್ಷರ. ಬಲ ಚೌಕದಲ್ಲೂ ಅದೇ ಮೇಜು, ಅದೇ ಬೆರಳು, ಅದೇ ಅಗುಳು. ಬದಲಾದದ್ದು ಎರಡೇ: ಮಡಿಕೆ ಖಾಲಿ, ಮೇಜಿನ ತುದಿಯಲ್ಲಿ ಚಾರ್ಜಿಗೆ ಹಾಕಿದ ಮೊಬೈಲ್. ಮೇಲೆ ಒಂದೇ ಸಾಲು: ‘ಇದಾದ ಮೇಲೆ ಬರೀ ಫೋನು.’ ಕೊನೆ ಎಂಬ ತಿಳಿವಳಿಕೆ ಆ ಸಾಲಿನದು ಮಾತ್ರ. ಎರಡಕ್ಕಿಂತ ಹೆಚ್ಚು ವಸ್ತು ಬದಲಿಸಿದರೆ ಪುಟ ‘ಆರು ವ್ಯತ್ಯಾಸ ಹುಡುಕಿ’ ಆಟವಾಗುತ್ತದೆ.

ಕೋನ ತಪ್ಪದಿರಲು ಎಡ ಚೌಕದ ಪೆನ್ಸಿಲ್ ಚಿತ್ರವನ್ನು ಟ್ರೇಸಿಂಗ್ ಹಾಳೆಗಿಳಿಸಿ, ಹಾಳೆಯ ಹಿಂದೆ 2ಬಿ ಪೆನ್ಸಿಲ್ ತಿಕ್ಕಿ, ಬಲಕ್ಕಿಟ್ಟು ಮೇಲಿಂದ ಗೀಚಿ.

ಅಕ್ಷರ ಮೊದಲು, ಬಲೂನು (ಮಾತಿನ ಸುತ್ತ ಬಿಡಿಸುವ ಗುಳ್ಳೆ) ಆಮೇಲೆ. ಬಲೂನು ಬಿಡಿಸಿ ಒಳಗೆ ಮಾತು ತುರುಕುವವರು ಕನ್ನಡದಲ್ಲಿ ಖಂಡಿತ ಸಿಕ್ಕಿಬೀಳುತ್ತಾರೆ, ಏಕೆಂದರೆ ನಮ್ಮ ಸಾಲಿನ ಕೆಳಗೆ ಒತ್ತಕ್ಷರಗಳಿವೆ. ಅಕ್ಷರದ ಎತ್ತರ 3 ಮಿ.ಮೀ. ಇದ್ದರೆ ಸಾಲುಗಳ ನಡುವೆ 4 ಮಿ.ಮೀ. ಬಿಡಿ. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು ಬರುತ್ತದೆ, ಅವನ್ನು ಬಲೂನಿನ ಕೊನೆಯ ಸಾಲಿಗೆ ತಳ್ಳಿದರೆ ಜಾಗದ ತಕರಾರಿಲ್ಲ. ಒಂದು ಬಲೂನಿಗೆ ಹತ್ತು–ಹನ್ನೆರಡು ಪದ ಸಾಕು. ‘ಹೋಗಿಬಿಟ್ಟಿದ್ದನಂತೆ’ ಒಂದು ಸಾಲನ್ನೇ ನುಂಗುತ್ತದೆ, ನಡುವೆ ತುಂಡರಿಸಿದರೆ ಓದು ಎಡವುತ್ತದೆ. ‘ಹೋಗ್ಬಿಟ್ಟಿದ್ನಂತೆ’ ಎಂದು ಆಡುಮಾತಿನಲ್ಲೇ ಬರೆಯಿರಿ. ಪುಸ್ತಕದ ಕನ್ನಡವನ್ನು ಮೇಲಿನ ನಿರೂಪಣೆಗೆ ಇಟ್ಟುಕೊಳ್ಳಿ. ಬರೆಯಲು 0.3 ಮಿ.ಮೀ. ತುದಿಯ ಪೆನ್ನು. ದಪ್ಪ ಪೆನ್ನಿನಲ್ಲಿ ಬರೆದು ಎ5ಗೆ ಇಳಿಸಿದರೆ ‘ಷ’ದ ಹೊಟ್ಟೆ ತುಂಬುತ್ತದೆ, ‘ಥ’ದ ಚುಕ್ಕೆ ಮುಚ್ಚಿ ‘ಕಥೆ’ ಹೋಗಿ ‘ಕಧೆ’ ಆಗುತ್ತದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವವರಿಗೆ ಬೇರೆ ತೊಂದರೆ: ಹಳೆಯ ಆವೃತ್ತಿಯ ಫೋಟೋಶಾಪ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ಕಂಡರೆ ಟೈಪ್ ಸೆಟ್ಟಿಂಗಿನಲ್ಲಿ ‘ವರ್ಲ್ಡ್-ರೆಡಿ’ ಆಯ್ಕೆ ಮಾಡಬೇಕು.

ಶಾಯಿಗೆ ವಾಟರ್‌ಪ್ರೂಫ್ ಪಿಗ್ಮೆಂಟ್ ಪೆನ್ನುಗಳು: ಚೌಕದ ಗೆರೆಗೆ 0.8, ಮನುಷ್ಯರಿಗೆ 0.5, ಹಿನ್ನೆಲೆಗೆ 0.1. ಕಪ್ಪು ತುಂಬಲು ಬ್ರಷ್ ಮತ್ತು ಡ್ರಾಯಿಂಗ್ ಇಂಕ್. ಕಾಗದ 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಡಿಮೆಯಾದರೆ ಕಪ್ಪು ತುಂಬಿದ ಕಡೆ ಹಾಳೆ ಸುಕ್ಕಾಗುತ್ತದೆ. ಅಂಗಡಿಯಲ್ಲಿ ನುಣುಪಾದ ಐವರಿ ಶೀಟ್ ಕೇಳಿ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನಲ್ಲಿ ಹಾಳೆ ತೇವ ಹೀರಿ ಗೆರೆಯ ಅಂಚು ಹರಡುತ್ತದೆ, ಆದ್ದರಿಂದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೇಕಾದಾಗ ಒಂದೊಂದೇ ತೆಗೆಯಿರಿ. ಪೆನ್ಸಿಲ್ ಅಳಿಸಲು ಅರ್ಧ ಗಂಟೆ ತಡೆಯಿರಿ. ಆತುರಪಟ್ಟರೆ ಕಪ್ಪು ಬೂದುಬಣ್ಣವಾಗುತ್ತದೆ.

ಸ್ಕ್ಯಾನ್ 600 ಡಿಪಿಐ, ಗ್ರೇಸ್ಕೇಲ್. ಮೊಬೈಲಿನಲ್ಲೇ ತೆಗೆಯುವುದಾದರೆ ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕಿನಲ್ಲಿ, ಹಾಳೆಯ ಸುತ್ತ ಒಂದಷ್ಟು ಜಾಗ ಬಿಟ್ಟು ತೆಗೆಯಿರಿ. ಲೆನ್ಸಿನ ಅಂಚಿನಲ್ಲಿ ನೇರ ಗೆರೆ ಬಾಗುತ್ತದೆ. ಮನೆಯವರ ಮುಖ ಪುಟದಲ್ಲಿದ್ದರೆ ಈ ಹಂತದಲ್ಲಿ ಒಮ್ಮೆ ತೋರಿಸಿ ಕೇಳಿ. ಅವರಿಗೆ ನೆನಪಿರುವ ಕೊನೆಯ ಸಲ ಬೇರೆಯೇ ಆಗಿರಬಹುದು, ಅದಕ್ಕೆ ಒಂದು ಚೌಕ ತಿದ್ದುವುದು ಇನ್ನೂ ಸಾಧ್ಯ. ಕೊನೆಯದಾಗಿ ಅಪ್‌ಲೋಡ್. 1080 ಪಿಕ್ಸೆಲ್ ಅಗಲಕ್ಕೆ 180 ಮಿ.ಮೀ. ಕಲೆ ಇಳಿಸಿದರೆ 3 ಮಿ.ಮೀ. ಅಕ್ಷರ 18 ಪಿಕ್ಸೆಲ್‌ಗೆ ಕುಗ್ಗುತ್ತದೆ, ಫೋನಿನಲ್ಲಿ ಒತ್ತು ಕಾಣುವುದೇ ಇಲ್ಲ. ಚೌಕಗಳನ್ನು ಒಂದೊಂದಾಗಿ ಕತ್ತರಿಸಿ ಜೋಡಿಯ ಕ್ರಮದಲ್ಲೇ ಹಾಕಿ: ಅಕ್ಷರ ದುಪ್ಪಟ್ಟಾಗುತ್ತದೆ, ಕೋನ ಒಂದೇ ಇರುವುದರಿಂದ ಬೆರಳು ಸರಿಸಿದಾಗ ಮೇಜು ಅಲ್ಲೇ ನಿಂತು ಮೊಬೈಲ್ ಮಾತ್ರ ಹೊಸದಾಗಿ ಬಂದಂತೆ ಕಾಣುತ್ತದೆ.