ಸೈರನ್ ಹೊಡೆದಾಗ ಒಬ್ಬರು ಕೆಲಸ ಬಿಡಲಿಲ್ಲ

ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ನಾನು ಎಚ್‌ಆರ್. ಅಂಗವೈಕಲ್ಯದ ಬಗ್ಗೆ ಅರಿವು ಮೂಡಿಸುವ ತರಬೇತಿ ಮಾಡಿ ಅಂತ ಮೇಲಿನವರು ಹೇಳಿದರು. ಡಿಸೆಂಬರ್ 3, ಅಂಗವಿಕಲರ ದಿನ ಬೇರೆ ಹತ್ತಿರ ಬಂದಿತ್ತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಕಣ್ಣಿಗೆ ಬಟ್ಟೆ ಕಟ್ಟಿ ಕ್ಯಾಂಟೀನ್‌ವರೆಗೆ ನಡೆಸಿದೆ. ಜನ ನಕ್ಕರು, ಗೋಡೆ ತಡಕಿದರು, ಕೊನೆಗೆ "ಪಾಪ, ಎಷ್ಟು ಕಷ್ಟ ಅಲ್ವಾ" ಅಂದರು. ತುಂಬಾ ಚೆನ್ನಾಗಿ ಆಯಿತು ಅಂದುಕೊಂಡೆ.

ನಮ್ಮ ಅಕೌಂಟ್ಸ್‌ನಲ್ಲಿ ದೃಷ್ಟಿ ಇಲ್ಲದ ಸಹೋದ್ಯೋಗಿ ಒಬ್ಬರಿದ್ದಾರೆ. ಸಂಜೆ ಅವರು ಕರೆದರು. "ಹತ್ತು ನಿಮಿಷ ಕಣ್ಣು ಕಟ್ಟಿದರೆ ಭಯ ಗೊತ್ತಾಗುತ್ತೆ ಮೇಡಂ. ನನಗೆ ಭಯ ಇಲ್ಲ. ನನ್ನ ಕಷ್ಟ ನಿಮ್ಮ ಸರ್ಕ್ಯುಲರ್" ಅಂದರು. ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿದರು. ಅವರು ಬಳಸುವುದು ಎನ್‌ವಿಡಿಎ, ಉಚಿತವಾಗಿ ಸಿಗುವ ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ. ನಾನು ಟೈಪ್ ಮಾಡಿದ್ದ ರಜೆ ಸರ್ಕ್ಯುಲರ್‌ನಲ್ಲಿ 'ಕನ್ನಡ' ಎಂಬ ಪದದ ಮೇಲೆ ಒಂದೊಂದೇ ಅಕ್ಷರ ಸರಿಸಿದರು. "ಪಿ, ಎ, ಪೌಂಡ್, ಎ…" ಅಂತ ಕೇಳಿಸಿತು! ನಾನು ಬಳಸುತ್ತಿದ್ದದ್ದು ಹಳೆಯ ನುಡಿ ಫಾಂಟ್. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಇಂಗ್ಲಿಷ್ ಅಕ್ಷರಗಳ ಗುಡ್ಡೆ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಬರೆದರೆ ಅದೇ ಯಂತ್ರ ಸರಿಯಾಗಿ ಓದುತ್ತೆ. ಅಷ್ಟು ದಿನ ಅವರು ಪ್ರತಿ ಸರ್ಕ್ಯುಲರನ್ನೂ ಪಕ್ಕದವರ ಹತ್ತಿರ ಓದಿಸಿಕೊಳ್ಳುತ್ತಿದ್ದರು. ನನಗೆ ಗೊತ್ತೇ ಇರಲಿಲ್ಲ.

ಎರಡನೇ ಪೆಟ್ಟು ಫೈರ್ ಡ್ರಿಲ್‌ನಲ್ಲಿ ಬಿತ್ತು. ಸೈರನ್ ಹೊಡೆಯಿತು, ಎಲ್ಲರೂ ಗೇಟಿನ ಹತ್ತಿರ ನಿಂತರು, ಎಣಿಸಿದರೆ ಒಬ್ಬರು ಕಡಿಮೆ. ಕಿವಿ ಕೇಳದ ಆಪರೇಟರ್ ಒಳಗೆ ಯಂತ್ರದ ಕಡೆ ಮುಖ ಮಾಡಿ ತಮ್ಮ ಪಾಡಿಗೆ ಬಿಡಿಭಾಗದ ಬೋರ್ (ಕೊರೆದ ತೂತು) ಅಳೆಯುತ್ತಿದ್ದರು. ಲೈನ್‌ನಲ್ಲಿ ಎಲ್ಲರೂ ಅವರನ್ನು 'ಮೂಗ' ಅನ್ನುತ್ತಿದ್ದರು. ಮುಖ ನೋಡಿಕೊಂಡೇ ಕರೆಯುತ್ತಿದ್ದರು, ಅವರಿಗೆ ತುಟಿ ಓದಲು ಬರುತ್ತೆ ಅಂತ ಯಾರೂ ಯೋಚಿಸಿರಲಿಲ್ಲ.

ಕಾನೂನು ಬೇಕಾದಷ್ಟಿದೆ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, 2016ರ ಕಾಯ್ದೆಯಲ್ಲಿ 21. 20 ಜನ ಅಥವಾ ಹೆಚ್ಚು ಕೆಲಸ ಮಾಡುವ ಖಾಸಗಿ ಸಂಸ್ಥೆಯಲ್ಲಿ ಸಮಾನ ಅವಕಾಶ ನೀತಿ ಇರಬೇಕು, ಅದನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯೂ ಇರಬೇಕು. ನಮ್ಮಲ್ಲೂ ನೀತಿ ಇತ್ತು, ಬೀರುವಿನಲ್ಲಿ. ಬೇರೆಡೆಯಿಂದ ನಕಲು ಮಾಡಿದ್ದು ನಾನೇ.

ಮರುವರ್ಷ ಕಣ್ಣಿಗೆ ಬಟ್ಟೆ ಕಟ್ಟುವುದನ್ನು ಬಿಟ್ಟೆ. ಪಾಳಿ ಶುರುವಾಗುವ ಮೊದಲು ಲೈನ್ ಪಕ್ಕದಲ್ಲೇ ನಿಂತು ಅರ್ಧ ಗಂಟೆ, ಅಷ್ಟೇ. ಕಲಿಸಿದವರು ಆ ಆಪರೇಟರ್, ಜೊತೆಗೆ ಸಂಜ್ಞಾ ಭಾಷೆ ಗೊತ್ತಿದ್ದ ಒಬ್ಬರು. (ಅವರಿಗೆ ದುಡ್ಡು ಕೊಟ್ಟೆವು. ಇಂಥ ಕೆಲಸವನ್ನು ಸುಮ್ನೆ ಸೇವೆ ಅಂತ ಮಾಡಿಸಿಕೊಳ್ಳಬಾರದು.) ನಿಲ್ಲಿಸು, ಬಿಸಿ, ಬೆಂಕಿ, ಟೀ. ಮೊದಲ ದಿನ ಇಷ್ಟೇ. ಟೀ ಎಲ್ಲರಿಗೂ ಬೇಗ ಬಂತು.

ಆಮೇಲೆ ಆ ಆಪರೇಟರ್ ನಮಗೆ ಹೆಸರಿಡಲು ಶುರು ಮಾಡಿದರು. ಸಂಜ್ಞಾ ಭಾಷೆಯಲ್ಲಿ ಪ್ರತಿ ಸಲ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳುತ್ತಾ ಕೂರುವುದಿಲ್ಲ. ಆಳಿಗೊಂದು ಗುರುತು ಕೊಡುತ್ತಾರೆ. ಸೂಪರ್‌ವೈಸರ್‌ಗೆ ಮೀಸೆ ತಿರುವಿದ್ದು, ನನಗೆ ಮೂಗಿನ ಮೇಲೆ ಕನ್ನಡಕ ಸರಿಸಿದ್ದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಗ ಯಾರೋ ಕೇಳಿದರು, ನಿಮ್ಮ ಗುರುತು ಏನು? ಅವರು ಎಡಗೆನ್ನೆಯ ಮಚ್ಚೆ ಮುಟ್ಟಿ ತೋರಿಸಿದರು. ಈಗ ಲೈನ್‌ನಲ್ಲಿ ಅವರನ್ನು ಕರೆಯಬೇಕಾದರೆ ಕೆನ್ನೆ ಮುಟ್ಟುತ್ತಾರೆ. ಹಳೆ ಪದ ಪೂರ್ತಿ ಹೋಗಿದೆ ಅಂತ ಹೇಳಲಾರೆ. ರಾತ್ರಿ ಪಾಳಿಯಲ್ಲಿ ಆಗಾಗ ಕಿವಿಗೆ ಬೀಳುತ್ತೆ.

ವಿಶೇಷಚೇತನ ಅನ್ನಬೇಕಾ, ವಿಕಲಚೇತನ ಅನ್ನಬೇಕಾ ಅಂತ ಆಫೀಸಿನವರು ಜಾಸ್ತಿ ಹೊತ್ತು ವಾದ ಮಾಡಿದರು. ಅಕೌಂಟ್ಸ್‌ನ ಆ ಸಹೋದ್ಯೋಗಿ, "ಹೆಸರು ಹಿಡಿದು ಕರೀರಿ ಸಾಕು" ಅಂದರು.

ಸೈರನ್ ಜೊತೆ ಮಿನುಗುವ ಕೆಂಪು ದೀಪ ಬಂತು. ಸರ್ಕ್ಯುಲರ್ ಯೂನಿಕೋಡ್‌ಗೆ ಬದಲಾಯಿತು. ಆಗದೆ ಉಳಿದದ್ದು ಗಾಲಿಕುರ್ಚಿ ಏರುವ ಇಳಿಜಾರು ದಾರಿ, ಅಂದರೆ ರ‍್ಯಾಂಪ್. ಆಫೀಸ್ ಬಾಗಿಲು ಎರಡು ಅಡಿ ಎತ್ತರದಲ್ಲಿದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕ ಹಿಡಿದರೆ 24 ಅಡಿ ಉದ್ದ ಬೇಕು. ಅಷ್ಟು ಜಾಗ ಇರುವುದು ಒಂದೇ ಕಡೆ, ಮಾಲೀಕರ ಕಾರು ನಿಲ್ಲುವಲ್ಲಿ. ಎರಡು ಸಲ ಕೇಳಿದ್ದೇನೆ. ಮೂರನೇ ಸಲ ಟೇಪ್ ಹಿಡಿದು, ಅವರನ್ನೇ ಕರೆದುಕೊಂಡು ಹೋಗಿ ಅಳೆಸಬೇಕು ಅಂತಿದ್ದೇನೆ.