ಬುಟ್ಟಿಯಲ್ಲಿ ಊರು ಸುತ್ತಿದ ಬೆಣ್ಣೆ

ದಾವಣಗೆರೆಯಲ್ಲಿ ಕೆಲಸದ ನಾಯಿ ಅಂದರೆ ನೆನಪಾಗುವುದು ಪೊಲೀಸ್ ಡಾಬರ್‌ಮನ್ ತುಂಗಾ. 2019ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ವಾಸನೆ ಹಿಡಿದು 12 ಕಿ.ಮೀ. ಓಡಿದವಳು. ಹಾಗಾಗಿ ವಾಸನೆ ಹಿಡಿದು ಹುಡುಕುವ ನಾಯಿಗಳನ್ನು ತಯಾರು ಮಾಡುವ ಪರಿಚಯದ ತರಬೇತುದಾರರೊಬ್ಬರು 8 ವಾರದ ಲ್ಯಾಬ್ರಡಾರ್ ಮರಿ ತಂದು, "ನಾವು ಕರ್ಕೊಂಡು ಹೋಗೋವರೆಗೆ ಸಾಕಿಕೊಡಿ" ಅಂದಾಗ, ಪಕ್ಕದ ಮನೆಯವರು ಕೇಳಿದ್ದು ಒಂದೇ: "ಕಳ್ಳನ್ನ ಹಿಡಿಯೋದು ಯಾವಾಗ ಕಲಿಸ್ತೀರಿ?"

ಕಲಿಸುವುದೇ ಇಲ್ಲ. ವಾಸನೆಯ ಪಾಠ ತರಬೇತುದಾರರದ್ದು. ಮರಿ ಪುಕ್ಕಲಾಗದ ಹಾಗೆ ನೋಡಿಕೊಳ್ಳುವುದಷ್ಟೇ ನನ್ನದು. ಮೈಬಣ್ಣ ನೋಡಿ ಬೆಣ್ಣೆ ಅಂತ ಹೆಸರಿಟ್ಟೆವು. ನಮ್ಮೂರಲ್ಲಿ ಇನ್ನೇನು ಇಡ್ತಾರೆ?

ಮರಿಗಳು ಹೊಸದಕ್ಕೆ ಸುಲಭವಾಗಿ ಒಗ್ಗುವುದು ಸುಮಾರು 3ರಿಂದ 14 ವಾರದೊಳಗೆ. ಆದರೆ ಮರಿಗಳ ಜೀವ ತೆಗೆಯಬಲ್ಲ ಪಾರ್ವೊ ವೈರಸ್‌ನ ಲಸಿಕೆಯ ಕೊನೆಯ ಡೋಸ್ 16 ವಾರದ ಹೊತ್ತಿಗೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಬೀದಿಗೆ ಬಿಡುವ ಹಾಗಿಲ್ಲ. ಮನೆಯಲ್ಲೇ ಇಟ್ಟರೆ ಒಗ್ಗುವ ವಯಸ್ಸು ಕಳೆದುಹೋಗುತ್ತದೆ. ಕೊನೆಗೆ ಅಟ್ಟದ ಮೇಲಿದ್ದ ಬಿದಿರು ಬುಟ್ಟಿ ಇಳಿಸಿದೆ. ಬೆಣ್ಣೆಯನ್ನು ಅದರಲ್ಲಿ ಕೂರಿಸಿ, ತೊಡೆ ಮೇಲಿಟ್ಟುಕೊಂಡು ರೈಲ್ವೆ ಗೇಟಿನ ಹತ್ತಿರ, ಮಂಡಕ್ಕಿ ಭಟ್ಟಿಗಳ ಬಳಿ ಹತ್ತತ್ತು ನಿಮಿಷ ಕೂತು ಬರುತ್ತಿದ್ದೆ. ರೈಲು ಕೂಗಿದಾಗ ಸುಮ್ನೆ ಕಿವಿ ನಿಮಿರಿಸಿ ನೋಡಿದರೆ ಬೇಯಿಸಿದ ಕೋಳಿಯ ಒಂದು ಚೂರು. ನಡುಗಿದರೆ ಎದ್ದು ಇನ್ನೂ ದೂರ ಹೋಗಿ ಕೂರುವುದು. ಒಂದು ಕಾಟ ಅಂದರೆ, ಮುದ್ದು ಮಾಡಲು ಬಂದವರೆಲ್ಲ ಈರುಳ್ಳಿ ಹಾಕಿದ ನರ್ಗಿಸ್ ಮಂಡಕ್ಕಿ ತಿನ್ನಿಸಲು ನೋಡುತ್ತಿದ್ದರು. ಈರುಳ್ಳಿ ನಾಯಿಗೆ ವಿಷ ಅಂದರೆ ಯಾರೂ ನಂಬುವುದಿಲ್ಲ!

ಚಪ್ಪಲಿ ಕಚ್ಚಿಕೊಂಡು ಬಂದರೂ ಬೈಯುವಂತಿರಲಿಲ್ಲ. ಬೈಸಿಕೊಂಡ ಮರಿ ಬಾಯಲ್ಲಿ ಏನನ್ನಾದರೂ ಹಿಡಿಯಲು ಹಿಂಜರಿಯುತ್ತದೆ. ಮುಂದೆ ಹುಡುಕಿದ್ದಕ್ಕೆ ಅದಕ್ಕೆ ಸಿಗುವ ಸಂಬಳವೇ ಚೆಂಡು, ಹಿಡಿಯದಿದ್ದರೆ ಹೇಗೆ? ಚಪ್ಪಲಿಗೆ ಬದಲು ಆಟಿಕೆ ಕೊಡುತ್ತಿದ್ದೆ. ಎರಡು ಜೊತೆ ಹೋದವು.

ದೊಡ್ಡ ತಪ್ಪು ಮಾಡಿದ್ದು ನಾನೇ. ಐದನೇ ತಿಂಗಳಲ್ಲಿ ಒಂದು ಕಲ್ಯಾಣ ಮಂಟಪದ ನುಣುಪು ಗ್ರಾನೈಟ್ ಮೇಲೆ ಅವಸರದಲ್ಲಿ ಎಳೆದೆ. ಜಾರಿತು, ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ. ಆಮೇಲೆ ಹೊಳೆಯುವ ನೆಲ ಕಂಡರೆ ಕೂತೇ ಬಿಡುವುದು. ಗೋಣಿಚೀಲ ಹಾಸಿ, ಮೇಲೆ ತಿಂಡಿ ಚೆಲ್ಲಿ, ದಿನಕ್ಕೊಂದು ಗೇಣು ಚೀಲ ಮಡಚುತ್ತಾ ಬಂದೆ. ಮೂರು ವಾರ ಹಿಡಿಯಿತು.

ಎಂಟನೇ ತಿಂಗಳಲ್ಲಿ ಒಪ್ಪಿಸಲು ಹೋದಾಗ ತರಬೇತುದಾರರ ಕಚೇರಿಯ ನೆಲವೂ ಗ್ರಾನೈಟೇ. ಬೆಣ್ಣೆ ಬಾಗಿಲಲ್ಲಿ ನಿಂತಳು, ನೆಲ ಮೂಸಿದಳು, ಟಕಟಕ ಉಗುರು ಸದ್ದು ಮಾಡುತ್ತಾ ನಡೆದು ಅವರ ಬೂಟು ಕಚ್ಚಿ ಎಳೆದಳು. ಅವರೂ ಬೈಯಲಿಲ್ಲ.