ಮಾಲ್ಗುಡಿಯಿಂದ ಮಾಯಾಮೃಗದವರೆಗೆ: ಡೊಂಬಿವಲಿಯ ಒಂದು ಕೋಣೆಯಲ್ಲಿ ನಮ್ಮ ವಾದ-ವಿವಾದ

ದೂರದರ್ಶನ ಕಾಲದ ಧಾರಾವಾಹಿಗಳನ್ನು ಮತ್ತೆ ನೋಡಿ, ಅವುಗಳ ಬಗ್ಗೆ ಕನ್ನಡದಲ್ಲಿ ಗಂಟೆಗಟ್ಟಲೆ ಮಾತನಾಡಿ, ಅದನ್ನು ಪಾಡ್‌ಕಾಸ್ಟ್ ಮಾಡಿ ಬಿಟ್ಟರೆ ಮುಂಬಯಿಯಲ್ಲಿ ಕೇಳುವವರು ಯಾರು ಎಂದು ನನ್ನನ್ನು ಪ್ರಶ್ನಿಸದವರಿಲ್ಲ. ಮಾಟುಂಗದ ಹಿರಿಯರು ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಟ್ಟರೆ ಸಾಕು ಎಂದರು. ಈ ಕೆಲಸದಲ್ಲಿ ಪಳಗಿದ ಗೆಳೆಯರು ಒಂದು ಕಂತು ಇಪ್ಪತ್ತು ನಿಮಿಷ ದಾಟಕೂಡದು, ಹಿಂದಿ ಧಾರಾವಾಹಿಯ ಸುದ್ದಿಯನ್ನು ಕನ್ನಡದಲ್ಲಿ ಎತ್ತಲೇಬಾರದು ಎಂದು ಬುದ್ಧಿ ಹೇಳಿದರು. ಈಗ ನಮ್ಮ ಮೂರನೆಯ ಸರಣಿ ಮುಗಿದಿದೆ. ಕಂತುಗಳು ಹೆಚ್ಚುಕಡಿಮೆ ಐವತ್ತು ನಿಮಿಷದವು. ಒಂದೊಂದನ್ನು ಎರಡು-ಎರಡೂವರೆ ಸಾವಿರ ಮಂದಿ ಕೇಳುತ್ತಾರೆ, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೊನೆಯ ಮಾತಿನವರೆಗೆ ಕುಳಿತಿರುತ್ತಾರೆ. ಈ ಎರಡನೆಯ ಅಂಕಿಯ ಬೆಲೆ ಏನೆಂಬುದು ಇದೇ ಕೆಲಸ ಮಾಡುವವರಿಗೆ ಗೊತ್ತು. ಮುಂಬಯಿಯಲ್ಲಿ ಕನ್ನಡದ ಬೇರೆ ಯಾವ ಹರಟೆಯೂ ಇಷ್ಟು ಹೊತ್ತು ಕಿವಿಗಳನ್ನು ಹಿಡಿದಿಟ್ಟಿರುವುದನ್ನು ನಾನಂತೂ ಕಂಡಿಲ್ಲ.

ಮೊದಲು ನಾವು ಮಾಡಿದ್ದು ಧ್ವನಿಮುದ್ರಣವಲ್ಲ, ಪ್ರದರ್ಶನ. ಭಾನುವಾರ ಸಂಜೆ ಒಂದು ಸಭಾಗೃಹ ಹಿಡಿದು, ಪ್ರೊಜೆಕ್ಟರ್ ಬಾಡಿಗೆಗೆ ತಂದು, ಎರಡು ಕಂತು ತೋರಿಸಿ, ಆಮೇಲೆ ಚರ್ಚೆ ನಡೆಸುವುದೆಂದು ಯೋಜನೆಯಾಗಿತ್ತು. ಬಾಡಿಗೆ, ಪ್ರೊಜೆಕ್ಟರ್, ಚಹಾ, ಅವಲಕ್ಕಿ ಎಲ್ಲ ಸೇರಿ ಪ್ರತಿ ಸಲ ಏಳೆಂಟು ಸಾವಿರ ರೂಪಾಯಿ ಕೈಬಿಡುತ್ತಿತ್ತು. ಜನ ಬರುತ್ತಿದ್ದರು, ನೋಡುತ್ತಿದ್ದರು, ಚರ್ಚೆ ಶುರುವಾಗುವ ಹೊತ್ತಿಗೆ ಕಲ್ಯಾಣದ ಕಡೆಯವರೂ ಕರ್ಜತ್ ಕಡೆಯವರೂ ಲೋಕಲ್ ಹಿಡಿಯಲು ಎದ್ದುಬಿಡುತ್ತಿದ್ದರು. ಉಳಿದವರು ವೇದಿಕೆಗೆ ಬಂದರೆ ಭಾಷಣವನ್ನೇ ಮಾಡುತ್ತಿದ್ದರು. ‘ಅಂದಿನ ಧಾರಾವಾಹಿಗಳಲ್ಲಿ ಮೌಲ್ಯಗಳಿದ್ದವು, ಇಂದು ಇಲ್ಲ’ ಎಂಬ ವಾಕ್ಯವನ್ನು ಒಂದೇ ಸಂಜೆ ಮೂವರ ಬಾಯಿಂದ ಕೇಳಿದ ಮೇಲೆ, ಇದು ನಡೆಯುವ ದಾರಿಯಲ್ಲ ಎಂದು ನಿರ್ಧರಿಸಿ ಸಭಾಗೃಹವನ್ನು ಬಿಟ್ಟೆವು. ಅಷ್ಟರಲ್ಲಿ ಮೂವತ್ತು ಸಾವಿರದ ಹತ್ತಿರ ಖರ್ಚಾಗಿತ್ತು.

ಮುಂದೆ ಮೈಕಿನ ಕಥೆ. ಸಣ್ಣ ಸದ್ದನ್ನೂ ಹಿಡಿಯುವ ಒಳ್ಳೆಯ ಕಂಡೆನ್ಸರ್ ಮೈಕ್ ಬೇಕೆಂದು ಎಲ್ಲರೂ ಹೇಳಿದ್ದರಿಂದ ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಒಂದನ್ನು ಕೊಂಡೆವು. ಡೊಂಬಿವಲಿ ಪೂರ್ವದ ನನ್ನ ಮನೆಯಲ್ಲಿ ಅದು ನಮ್ಮ ಮಾತನ್ನು ಎಷ್ಟು ಚೆನ್ನಾಗಿ ಹಿಡಿಯಿತೋ ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನೂ, ಹಳಿಯ ಮೇಲಿನ ಫಾಸ್ಟ್ ಲೋಕಲನ್ನೂ, ಕಿಟಕಿಯ ತಗಡಿನ ಮೇಲೆ ಬೀಳುವ ಮಳೆಯನ್ನೂ ಅಷ್ಟೇ ಚೆನ್ನಾಗಿ ಹಿಡಿಯಿತು. ಜುಲೈ ತಿಂಗಳ ಧ್ವನಿಮುದ್ರಣಗಳೆಲ್ಲ ಹೀಗೆ ಕೈತಪ್ಪಿದವು. ಶಬ್ದ ತೆಗೆಯುವ ತಂತ್ರಾಂಶ ಬಳಸಿದರೆ ಮಳೆಯ ಜೊತೆಗೆ ನಮ್ಮ ‘ಶ’ಕಾರ ‘ಸ’ಕಾರಗಳೂ ತೊಳೆದುಹೋಗುತ್ತಿದ್ದವು. ಕೊನೆಗೆ ಅದನ್ನು ಅರ್ಧ ಬೆಲೆಗೆ ಮಾರಿ, ವೇದಿಕೆಯ ಗಾಯಕರು ಹಿಡಿಯುವಂಥ ಹತ್ತಿರದ ಸದ್ದನ್ನಷ್ಟೇ ಹೆಚ್ಚಾಗಿ ಹಿಡಿಯುವ ಸಾಧಾರಣ ಡೈನಾಮಿಕ್ ಮೈಕುಗಳನ್ನು ತಂದೆವು. ಮೂರಕ್ಕೂ ಸೇರಿ ಸುಮಾರು ಒಂಬತ್ತು ಸಾವಿರ. ತುಟಿಗೂ ಮೈಕಿಗೂ ನಾಲ್ಕು ಬೆರಳಿನ ಅಂತರ, ಬೆನ್ನ ಹಿಂದಿನ ಗೋಡೆಗೆ ಎರಡು ರಜಾಯಿ, ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಕಡಿಮೆ: ಇಷ್ಟರಿಂದಲೇ ನಮ್ಮ ಧ್ವನಿ ತಿಳಿಯಾಯಿತು. ದಟ್ಟ ಮಳೆಯಲ್ಲೂ ಈಗ ಧ್ವನಿಮುದ್ರಣ ನಿಲ್ಲುವುದಿಲ್ಲ.

ಹಳೆಯ ದೃಶ್ಯಗಳ ತುಣುಕುಗಳನ್ನು ನಡುನಡುವೆ ಕೇಳಿಸುವ ಪ್ರಯೋಗವನ್ನೂ ಮಾಡಿದೆವು. ಒಂದು ಕಂತಿನಲ್ಲಿ ಅರ್ಧ ನಿಮಿಷದ ಶೀರ್ಷಿಕೆ ಸಂಗೀತ ಹಾಕಿದ್ದಕ್ಕೆ ಹಕ್ಕುದಾರ ಕಂಪನಿಯೊಂದು ಆಕ್ಷೇಪ ಎತ್ತಿತು, ಆ ಕಂತು ವಾರಗಟ್ಟಲೆ ಮುಚ್ಚಿಕೊಂಡಿತು. ಅಲ್ಲಿಂದಾಚೆಗೆ ತುಣುಕುಗಳನ್ನು ಪೂರ್ತಿ ಕೈಬಿಟ್ಟು, ದೃಶ್ಯವನ್ನು ಬಾಯಲ್ಲಿ ಕಟ್ಟಿಕೊಡುವ ನಿಯಮ ಮಾಡಿಕೊಂಡೆವು. ನಮ್ಮ ಕಾರ್ಯಕ್ರಮಕ್ಕೆ ಜೀವ ಬಂದದ್ದು ಇಲ್ಲಿಂದಲೇ ಎಂದು ನಾನು ದೃಢವಾಗಿ ನಂಬುತ್ತೇನೆ. ದೃಶ್ಯವನ್ನು ಬಾಯಲ್ಲಿ ಹೇಳಬೇಕಾದವನು ಅದನ್ನು ಆ ವಾರ ಮತ್ತೆ ನೋಡಿರಲೇಬೇಕು, ನೆನಪಿನ ಮೇಲೆ ಸವಾರಿ ಮಾಡಲು ಅವನಿಗೆ ಅವಕಾಶವಿರುವುದಿಲ್ಲ.

ನಮ್ಮ ಪದ್ಧತಿ ಹೀಗಿದೆ. ಮೇಜಿನ ಸುತ್ತ ಮೂವರು. ಒಬ್ಬರು ಧಾರಾವಾಹಿಯನ್ನು ಅದು ಪ್ರಸಾರವಾದ ಕಾಲದಲ್ಲೇ ನೋಡಿದವರು, ಒಬ್ಬರು ಇಲ್ಲೇ ಹುಟ್ಟಿ ಬೆಳೆದು ಈ ವಾರವೇ ಮೊದಲ ಬಾರಿಗೆ ನೋಡಿದವರು, ನಡುವೆ ನಾನು. ಪ್ರತಿಯೊಬ್ಬರೂ ಒಂದೇ ಒಂದು ದೃಶ್ಯವನ್ನು ಆರಿಸಿಕೊಂಡು, ಅದು ಇಂದಿಗೂ ನಿಲ್ಲುತ್ತದೆಯೇ ಇಲ್ಲವೇ ಎಂದು ತೀರ್ಪು ಕೊಡಬೇಕು. ‘ನಮ್ಮ ಕಾಲದಲ್ಲಿ’ ಎಂದು ಬಾಯಿ ತೆರೆದರೆ ಆ ಮಾತನ್ನು ಸಂಕಲನದಲ್ಲಿ ಕತ್ತರಿಸಲಾಗುವುದು ಎಂದು ಎಲ್ಲರಿಗೂ ಮೊದಲೇ ತಿಳಿಸಿರುತ್ತೇನೆ, ತಪ್ಪದೆ ಕತ್ತರಿಸುತ್ತೇನೆ ಕೂಡ. ಬರೆದುಕೊಂಡ ಚೀಟಿ ಮೇಜಿನ ಮೇಲೆ ಇರಬಾರದು. ಮೂವರೂ ಬೇರೆಬೇರೆಯಾಗಿ ನೋಡಿ ಬರಬೇಕು, ಧ್ವನಿಮುದ್ರಣಕ್ಕೆ ಮುಂಚೆ ಅಭಿಪ್ರಾಯ ಹಂಚಿಕೊಳ್ಳಬಾರದು, ಚಹಾ ಕುಡಿಯುವಾಗಲೂ ಆ ವಿಷಯ ಎತ್ತಕೂಡದು.

ಇದು ಹೇಗೆ ಫಲಿಸುತ್ತದೆಂಬುದಕ್ಕೆ ‘ಮಾಲ್ಗುಡಿ ಡೇಸ್’ ಕಂತನ್ನೇ ನೋಡಬಹುದು. 1986ರಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ, ಎಲ್. ವೈದ್ಯನಾಥನ್ ಸಂಗೀತದ ಈ ಧಾರಾವಾಹಿಯ ಬಗ್ಗೆ ಹೊಗಳಿಕೆಯಲ್ಲದೆ ಬೇರೆ ಮಾತು ಬರಲಾರದೆಂದು ಎಲ್ಲರೂ ಹೇಳಿದ್ದರು. ಮೊದಲ ಬಾರಿಗೆ ನೋಡಿ ಬಂದಿದ್ದ ನಮ್ಮ ತಂಡದ ಹುಡುಗಿ ಆರಿಸಿಕೊಂಡಿದ್ದು ಸ್ವಾಮಿ ಎಂಬ ಹುಡುಗನನ್ನು ಅಪ್ಪ ರಾತ್ರಿ ಒಬ್ಬನೇ ಆಫೀಸು ಕೋಣೆಯಲ್ಲಿ ಮಲಗಿಸುವ ಪ್ರಸಂಗ. ಹುಲಿಯೊಡನೆ ಹೋರಾಡಿದ ಹಳ್ಳಿಯ ಹುಡುಗನ ಸುದ್ದಿಯನ್ನು ಅಪ್ಪ ಪತ್ರಿಕೆಯಲ್ಲಿ ಓದುತ್ತಾನೆ, ಧೈರ್ಯವಿದ್ದರೆ ಒಬ್ಬನೇ ಮಲಗು ಎಂದು ಮಗನಿಗೆ ಸವಾಲು ಹಾಕುತ್ತಾನೆ, ಹೆದರಿ ಬೆವರಿದ ಹುಡುಗ ಕತ್ತಲಲ್ಲಿ ಬಂದ ಆಕೃತಿಯ ಕಾಲನ್ನು ಕಚ್ಚಿ ಹಿಡಿದು ಕಳ್ಳನನ್ನು ಹಿಡಿದ ವೀರನಾಗುತ್ತಾನೆ. ಗಿರೀಶ್ ಕಾರ್ನಾಡರು ಅಪ್ಪ, ಮಾಸ್ಟರ್ ಮಂಜುನಾಥ್ ಸ್ವಾಮಿ. ಇದು ಶುದ್ಧ ಕ್ರೌರ್ಯ, ಧಾರಾವಾಹಿ ಅದನ್ನು ನಗೆಯ ಕೆಳಗೆ ಬಚ್ಚಿಡುತ್ತದೆ ಎಂದು ಅವಳು ಹೇಳಿದಳು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಹಿರಿಯರು ಕೆರಳಿದರು. ಮರುರಾತ್ರಿ ಹುಡುಗ ಮತ್ತೆ ಅಜ್ಜಿಯ ಮಗ್ಗುಲಿಗೇ ಹೋಗಿ ಮಲಗುತ್ತಾನಲ್ಲ, ಅಪ್ಪ ಸೋತದ್ದೇ ಕಥೆಯ ಸಾರ ಎಂದರು. ಗೆದ್ದವನಂತೆ ಕಾಣುವ ಹುಡುಗ ನಿಜಕ್ಕೂ ಗೆದ್ದದ್ದು ಕಳ್ಳನನ್ನಲ್ಲ, ಅಪ್ಪನ ಹಟವನ್ನು ಎಂಬುದು ನನಗೆ ಆ ಮಾತಿನ ನಡುವೆಯೇ ಹೊಳೆಯಿತು. ಇಪ್ಪತ್ತೈದು ನಿಮಿಷ ಇದೊಂದೇ ಪ್ರಸಂಗದ ಮೇಲೆ ವಾದ ನಡೆಯಿತು, ಅದರಲ್ಲಿ ಒಂದು ಮಾತನ್ನೂ ನಾನು ಕತ್ತರಿಸಲಿಲ್ಲ. ಆ ಕಂತನ್ನು ಇಂದಿಗೂ ಹೊಸಬರು ಕೇಳುತ್ತಿದ್ದಾರೆ.

ಅದೇ ಕಂತಿನಲ್ಲಿ ಅವಳು ಇನ್ನೊಂದು ಮಾತು ಹೇಳಿದಳು: ಆ ಧಾರಾವಾಹಿಯ ಹಿಂದಿ ಉಚ್ಚಾರ ತನ್ನ ಅಜ್ಜ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಗಿರಾಕಿಗಳೊಡನೆ ಆಡುತ್ತಿದ್ದ ಹಿಂದಿಯ ಹಾಗೆಯೇ ಇದೆಯಂತೆ. ಮುಂಬಯಿಯಲ್ಲಿ ಕುಳಿತು ಮಾತನಾಡುವವರಿಗೆ ಮಾತ್ರ ಹೊಳೆಯಬಹುದಾದ ವಿಮರ್ಶೆ ಅದು. ಬೆಂಗಳೂರಿನ ಗೆಳೆಯರು ಇದೇ ಕೆಲಸ ಮಾಡಿದ್ದರೆ ಈ ಮಾತು ಬರುತ್ತಿರಲಿಲ್ಲ.

‘ನುಕ್ಕಡ್’ ಬಗ್ಗೆ ನಾವು ಜಗಳವಾಡಲೇ ಇಲ್ಲ. ಕುಂದನ್ ಶಾ ಮತ್ತು ಸಯೀದ್ ಮಿರ್ಜಾ ಅವರ ಆ ಮೂಲೆಯಂಗಡಿ ಬೀದಿ, ಕಾದರ್ ಭಾಯಿಯ ಹೋಟೆಲು, ಸಮೀರ್ ಖಖ್ಖರ್ ಆಡಿದ ಕುಡುಕ ಖೋಪಡಿ, ಎಲ್ಲವೂ ಮೂವರಿಗೂ ಇಷ್ಟವಾಗಿತ್ತು. ಜಗಳವಿಲ್ಲದ ಕಂತು ಸಪ್ಪೆಯಾಯಿತು, ಬಿಡುಗಡೆ ಮಾಡಲಿಲ್ಲ. ‘ಹಮ್ ಲೋಗ್’ ಮಾತ್ರ ಚೆನ್ನಾಗಿ ಬಂತು. 1984ರ ಜುಲೈನಲ್ಲಿ ಆರಂಭವಾದ ಆ ಧಾರಾವಾಹಿಯ ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ವೀಕ್ಷಕರೊಡನೆ ಮಾತನಾಡುತ್ತಿದ್ದರಲ್ಲ, ಅದನ್ನು ಇಂದು ಕತ್ತರಿಸಬೇಕೇ ಉಳಿಸಬೇಕೇ ಎಂಬ ಒಂದೇ ಪ್ರಶ್ನೆಯ ಮೇಲೆ ಇಡೀ ಕಂತು ನಿಂತಿತು. ಉಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೋಹರ ಶ್ಯಾಮ ಜೋಶಿಯವರ ಕಥೆಯಲ್ಲಿ ಬಸೇಸರ್ ರಾಮ್ ಕುಡಿದು ಮನೆ ಹಾಳುಮಾಡುವುದನ್ನು ನೋಡಿದ ಮೇಲೆ, ಅದನ್ನು ಮನೆಮಂದಿಯೆಲ್ಲ ಕೂತು ಚರ್ಚಿಸಲು ಯಾರಾದರೂ ಬಾಗಿಲು ತೆರೆಯಬೇಕಿತ್ತು.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡಿದ್ದು ‘ಗುಡ್ಡದ ಭೂತ’. ಘಟಶ್ರಾದ್ಧದಂಥ ಚಿತ್ರವನ್ನು ನಿರ್ಮಿಸಿದ, ಮುಂಬಯಿ ಕನ್ನಡ ರಂಗಭೂಮಿಯ ಜೀವಾಳವಾಗಿದ್ದ ಸದಾನಂದ ಸುವರ್ಣರು ನಿರ್ದೇಶಿಸಿದ ಧಾರಾವಾಹಿ ಅದು. ಆದರೂ ಅದು ಬೆಂಗಳೂರು ದೂರದರ್ಶನದಲ್ಲಿ ಬರುತ್ತಿದ್ದಾಗ ಇಲ್ಲಿನ ಆಂಟೆನಾಗಳಿಗೆ ಅದು ಸಿಗುತ್ತಿರಲಿಲ್ಲ. ರಜೆಯಲ್ಲಿ ಊರಿಗೆ ಹೋದವರು ಒಂದೆರಡು ಕಂತು ನೋಡಿ ಬಂದು ಉಳಿದವರಿಗೆ ಕಥೆ ಹೇಳುತ್ತಿದ್ದರು. ಹಾಗೆ ಕೇಳಿದ ಕಥೆಗೂ ಈಗ ನೋಡಿದ ಧಾರಾವಾಹಿಗೂ ಎಷ್ಟು ಅಂತರವಿದೆ ಎಂಬುದನ್ನೇ ನಾವು ವಿಷಯ ಮಾಡಿಕೊಂಡೆವು. ಹಿರಿಯರ ನೆನಪಿನಲ್ಲಿ ಭೂತ ಪ್ರತಿ ಕಂತಿನಲ್ಲೂ ಬರುತ್ತಿತ್ತು. ನೋಡಿದಾಗ ಅದರ ಭಯ ಹುಟ್ಟುವುದು ಬಹುಪಾಲು ಊರಿನವರ ಮಾತಿನಿಂದ, ‘ಡೆನ್ನ ಡೆನ್ನಾನ’ ಹಾಡಿನಿಂದ. ಎಳೆಯ ಪ್ರಕಾಶ್ ರೈ ಅವರನ್ನು ಅಲ್ಲಿ ಕಂಡು ಹುಡುಗಿ ಬೆರಗಾದದ್ದು ಬೇರೆ ಮಾತು.

ಈ ನಡುವೆ ಒಂದು ಬೇರೆ ಪ್ರಯೋಗವೂ ಆಯಿತು. ಪರದೆ ಮುಚ್ಚಿ, ಧ್ವನಿ ಮಾತ್ರ ಕೇಳಿಸಿ, ಕಂತು ನಿಲ್ಲುತ್ತದೆಯೇ ಎಂದು ಹಲವು ಧಾರಾವಾಹಿಗಳನ್ನು ಪರೀಕ್ಷಿಸಿದೆ. ಟಿ.ಎನ್. ಸೀತಾರಾಂ ಮತ್ತು ಸಂಗಡಿಗರು 1998ರಲ್ಲಿ ಕೊಟ್ಟ ‘ಮಾಯಾಮೃಗ’ ಸಂಭಾಷಣೆಯ ಬಲದಿಂದಲೇ ಪೂರ್ತಿ ನಿಂತಿತು. ಕಣ್ಣು ಮುಚ್ಚಿ ಕೇಳಿದರೂ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆಂದು ತಿಳಿಯುತ್ತದೆ. ಮಾಲ್ಗುಡಿ ಅರ್ಧಕ್ಕರ್ಧ ಕುಸಿಯಿತು, ಏಕೆಂದರೆ ಅದರ ಬಹುಪಾಲು ಕೆಲಸವನ್ನು ಆಗುಂಬೆಯ ಬೆಳಕು ಮತ್ತು ಮುಖಗಳು ಮಾಡುತ್ತವೆ. ಯಾವ ಧಾರಾವಾಹಿಯ ದೃಶ್ಯಗಳನ್ನು ಬಾಯಲ್ಲಿ ಹೆಚ್ಚು ವಿವರಿಸಬೇಕು, ಯಾವುದರಲ್ಲಿ ಕಡಿಮೆ ಎಂಬುದನ್ನು ನಾನು ಈಗ ಈ ಪರೀಕ್ಷೆಯಿಂದಲೇ ತೀರ್ಮಾನಿಸುತ್ತೇನೆ.

ಹಣದ ಲೆಕ್ಕ ಕೇಳುವವರಿಗೆ: ಮೊದಲ ವರ್ಷ ಕೈಯಿಂದ ಹೋದದ್ದು ಅರವತ್ತು ಸಾವಿರದ ಹತ್ತಿರ, ಅದರಲ್ಲಿ ಸಭಾಗೃಹದ ಪಾಲೇ ಅರ್ಧ, ಡಿವಿಡಿಗಳಿಗೆ ಮೂರು-ನಾಲ್ಕು ಸಾವಿರ. ಈಗ ತಿಂಗಳಿಗೆ ಎರಡು ಸಾವಿರವೂ ಆಗುವುದಿಲ್ಲ. ಥಾಣೆಯ ಹೋಟೆಲ್ ಮಾಲೀಕರೊಬ್ಬರು ಎರಡನೆಯ ಸರಣಿಗೆ ಹದಿನೈದು ಸಾವಿರ ಕೊಟ್ಟರು, ಪ್ರತಿಯಾಗಿ ತಮ್ಮ ಹೆಸರು ಹೇಳಬಾರದೆಂಬ ಷರತ್ತು ಹಾಕಿದರು. ಕೇಳುಗರು ಕಳಿಸುವ ಐವತ್ತು, ನೂರು ರೂಪಾಯಿಗಳಿಂದ ಮೂರನೆಯ ಸರಣಿ ತನ್ನ ಖರ್ಚನ್ನು ತಾನೇ ತೂಗಿಸಿಕೊಂಡಿದೆ.

ಪುಣೆಯ ಕನ್ನಡಿಗರ ತಂಡವೊಂದು ಇದೇ ಪದ್ಧತಿಯಲ್ಲಿ ಆರಂಭಿಸುತ್ತೇವೆಂದು ನಮ್ಮ ಪ್ರಶ್ನೆಗಳ ಪಟ್ಟಿ ಕೇಳಿದೆ, ಕೊಟ್ಟಿದ್ದೇನೆ. ಯಾವ ಪ್ರಶ್ನೆಯನ್ನು ಯಾರಿಗೆ ಮೊದಲು ಎಸೆದರೆ ಮೇಜು ಬಿಸಿಯೇರುತ್ತದೆ, ಸಂಕಲನದಲ್ಲಿ ಮೊದಲ ಎರಡು ನಿಮಿಷವನ್ನು ಹೇಗೆ ಜೋಡಿಸುತ್ತೇನೆ ಎಂಬ ಎರಡು ಗುಟ್ಟುಗಳನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ, ಇಲ್ಲಿಯೂ ಹೇಳುವುದಿಲ್ಲ. ಮುಂದಿನ ಸರಣಿಗೆ ‘ಬುನಿಯಾದ್’ ಎತ್ತಿಕೊಂಡಿದ್ದೇವೆ. ನೂರಕ್ಕೂ ಮೀರಿದ ಕಂತುಗಳ ಆ ದೇಶವಿಭಜನೆಯ ಕಥೆಯನ್ನು ಒಂದು ವಾರದಲ್ಲಿ ನೋಡಿ ಮುಗಿಸಲಾಗದು. ಆದ್ದರಿಂದ ಹವೇಲಿರಾಮ್ ಮತ್ತು ಲಾಜೋಜಿಯರ ಪ್ರಸಂಗಗಳನ್ನು ಹಿರಿಯರಿಗೂ, ಅವರ ಮಕ್ಕಳ ತಲೆಮಾರಿನ ಭಾಗವನ್ನು ಹುಡುಗಿಗೂ ಹಂಚಿಕೊಟ್ಟಿದ್ದೇನೆ. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡದೆಯೇ ಮೇಜಿಗೆ ಬರುತ್ತಾರೆ. ಹೀಗೆ ಮಾಡಿದರೆ ವಾದ ನಿಲ್ಲುವುದಿಲ್ಲ ಎಂದು ಹಿರಿಯರು ಈಗಾಗಲೇ ಹೇಳುತ್ತಿದ್ದಾರೆ. ಗಣಪತಿ ಹಬ್ಬದ ಗದ್ದಲ ಮುಗಿದ ವಾರವೇ ಮೊದಲ ಧ್ವನಿಮುದ್ರಣ.